ವರ್ಷದ ಕೊನೆಗೆ ಬಾಲವಾಡಿಯಲ್ಲಿ ಇಂಟರ್ನ್‌ಶಿಪ್: ಏಕೆ, ಹೇಗೆ



ಫೆಬ್ರವರಿ ಕಳೆಯುತ್ತಿದ್ದಂತೆ ಸಂಘಕ್ಕೆ ಬರುವ ಫೋನ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಟೀಚರ್ ತರಬೇತಿ ಮಾಡುತ್ತಿರುವ ಮಗಳಿಗೋ, ಡಿಗ್ರಿ ಓದುತ್ತಿರುವ ತಮ್ಮನಿಗೋ ಇಂಟರ್ನ್‌ಶಿಪ್ ಆಗಬೇಕಾಗಿದೆ. ಕನ್ನಡ ಬಾಲವಾಡಿಯೊಂದು ಒಪ್ಪಿದೆ, ಆದರೆ ಸಿಕ್ಕಿರುವುದು ಮಾರ್ಚ್ ತಿಂಗಳು. "ಪಾಠವೆಲ್ಲ ಮುಗಿದ ಮೇಲೆ ಹೋಗಿ ಕಲಿಯುವುದೇನು? ಜೂನ್‌ನಲ್ಲಿ ಹೋದರೆ ಒಳ್ಳೆಯದಲ್ಲವೇ?" ಎಂದು ಕೇಳುತ್ತಾರೆ.

ಮಾರ್ಚ್ ಸಿಕ್ಕಿದ್ದರೆ ಬಿಡಬೇಡಿ ಎಂಬುದೇ ನಮ್ಮ ಉತ್ತರ. ಪುಟ್ಟ ಮಕ್ಕಳ ತರಗತಿಯನ್ನು ಅರಿಯಲು ಕೊನೆಯ ನಾಲ್ಕು ವಾರಗಳಷ್ಟು ಒಳ್ಳೆಯ ಕಾಲ ಬೇರೆ ಇಲ್ಲ. ಗಡಿಯಾಚೆ ನೆಲೆಸಿರುವ ನಮ್ಮಂಥವರಿಗಂತೂ ಆ ವಾರಗಳಲ್ಲಿ ತರಗತಿಯೊಳಗೆ ಕನ್ನಡ ಬಲ್ಲ ಒಬ್ಬರು ಹೆಚ್ಚಿಗೆ ಇದ್ದರೆ ಆಗುವ ಉಪಯೋಗ ದೊಡ್ಡದು. ಕಾರಣ ಮತ್ತು ಕ್ರಮ ಎರಡನ್ನೂ ಇಲ್ಲಿ ವಿವರಿಸಿದ್ದೇನೆ.

ಹೆಸರು ಹಲವು, ವಯಸ್ಸು ಒಂದೇ

ನಮ್ಮ ಊರುಗಳಲ್ಲಿ ಇದಕ್ಕೆ ಬಾಲವಾಡಿ, ಶಿಶುವಿಹಾರ, ಅಂಗನವಾಡಿ, ಪ್ರಿ-ಪ್ರೈಮರಿ, ಎಲ್‌ಕೆಜಿ-ಯುಕೆಜಿ ಎಂದೆಲ್ಲ ಹೆಸರಿದೆ. ಮೂರರಿಂದ ಆರು ವರ್ಷದೊಳಗಿನ ಮಕ್ಕಳು ಆಡುತ್ತ ಕಲಿಯುವ ಜಾಗ ಎಂಬುದು ಎಲ್ಲಕ್ಕೂ ಸಮಾನ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಇಂಥ ಮೊದಲ ಶಾಲೆಯನ್ನು ತೆರೆದು, 1840ರಲ್ಲಿ ಅದಕ್ಕೆ 'ಮಕ್ಕಳ ತೋಟ' ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡದಲ್ಲಿ, ಶಾಲೆಗೆ ಬಾರದ ಬಡ ಮಕ್ಕಳಿದ್ದಲ್ಲಿಗೇ ಶಾಲೆಯನ್ನು ಒಯ್ದರು. ಮನೆಯಂಗಳದಲ್ಲಿ ಮಕ್ಕಳನ್ನು ಕೂಡಿಸುವ ಅಂಗನವಾಡಿಯ ಕಲ್ಪನೆ ಬೆಳೆದದ್ದು ಹಾಗೆ. ಸರಕಾರದ ಐಸಿಡಿಎಸ್ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಎಣಿಸುತ್ತದೆ. ಬಾಲವಾಡಿಯ ಮೂರು ವರ್ಷ, ಒಂದನೇ ಮತ್ತು ಎರಡನೇ ತರಗತಿ ಸೇರಿ ಐದು ವರ್ಷ. ಆದ್ದರಿಂದ ಬಾಲವಾಡಿಯಿಂದ ಒಂದನೇ ತರಗತಿಗೆ ಹೋಗುವ ಮಗು ನೀತಿಯ ಪ್ರಕಾರ ಅದೇ ಹಂತದ ಒಳಗೇ ಇದೆ. ವಾಸ್ತವದಲ್ಲಿ ಕಟ್ಟಡ, ಟೀಚರ್, ಬೆಂಚು, ಕೆಲವೊಮ್ಮೆ ಮಾತಾಡುವ ಭಾಷೆಯೂ ಎರಡು ತಿಂಗಳ ರಜೆಯಲ್ಲಿ ಬದಲಾಗುತ್ತದೆ. ವರ್ಷದ ಕೊನೆಯ ಇಂಟರ್ನ್ ನಿಲ್ಲುವುದು ಈ ದಾಟುವ ಜಾಗದಲ್ಲಿ.

ಮಾರ್ಚ್‌ನಲ್ಲಿ ಮಾತ್ರ ಕಾಣುವುದು

ಜೂನ್‌ನಲ್ಲಿ ಹೋದವರು ನೋಡುವುದು ಅಳುವ ಮಕ್ಕಳನ್ನು, ಗೇಟಿನ ಬಳಿ ನಿಂತ ತಾಯಂದಿರನ್ನು, ಚೀಲ ಕಳೆದುಕೊಂಡ ಗಲಾಟೆಯನ್ನು. ಅದೂ ನೋಡತಕ್ಕದ್ದೇ. ಆದರೆ ಟೀಚರ್ ಆ ವರ್ಷ ಏನು ಮಾಡಿದರು ಎಂಬುದು ಆಗ ತಿಳಿಯುವುದಿಲ್ಲ. ಮಾರ್ಚ್‌ನಲ್ಲಿ ಮಕ್ಕಳು ಚಪ್ಪಲಿಯನ್ನು ತಾವೇ ಸಾಲಾಗಿ ಬಿಡುತ್ತಾರೆ, ಕೈ ತೊಳೆದು ತಟ್ಟೆ ಹಿಡಿಯುತ್ತಾರೆ, ಕಥೆಯ ಮುಂದಿನ ಸಾಲನ್ನು ಟೀಚರ್‌ಗಿಂತ ಮೊದಲೇ ಹೇಳುತ್ತಾರೆ. ಇದ್ಯಾವುದೂ ತಾನಾಗಿ ಆದದ್ದಲ್ಲ. ಯಾವ ಹಾಡು ಹಾಡಿದರೆ ಮಕ್ಕಳು ಎದ್ದು ಸಾಲು ನಿಲ್ಲುತ್ತಾರೆ, ಜಗಳವಾದಾಗ ಟೀಚರ್ ಯಾವ ಮಾತು ಹೇಳುತ್ತಾರೆ, ಮಾತಾಡದ ಮಗುವಿಗೆ ಯಾವ ಕೆಲಸ ಕೊಡುತ್ತಾರೆ ಎಂದು ಗಮನಿಸುತ್ತ ಹೋದರೆ ಹತ್ತು ತಿಂಗಳ ದುಡಿಮೆ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಸಂಗತಿ. ವರ್ಷದ ಕೊನೆಯಲ್ಲಿ ಮಕ್ಕಳ ವರ್ತನೆ ಸ್ವಲ್ಪ ಏರುಪೇರಾಗುತ್ತದೆ. ಚೆನ್ನಾಗಿದ್ದ ಮಗು ಮತ್ತೆ ಬೆರಳು ಚೀಪುತ್ತದೆ, ಸಣ್ಣದಕ್ಕೆ ಅಳುತ್ತದೆ. "ದೊಡ್ಡ ಶಾಲೆಯಲ್ಲಿ ಹೊಡೆಯುತ್ತಾರೆ" ಎಂದು ಅಣ್ಣನೋ ಅಕ್ಕನೋ ಹೆದರಿಸಿರುತ್ತಾರೆ. ಬಿಸಿಲೂ ಸೇರಿಕೊಳ್ಳುತ್ತದೆ. ಆಂಧ್ರ, ತೆಲಂಗಾಣದ ಶಾಲೆಗಳಲ್ಲಿ ಮಾರ್ಚ್ ಮಧ್ಯದಿಂದ ಒಂದೇ ಹೊತ್ತಿನ ಶಾಲೆ. ಜಾತ್ರೆ, ಮದುವೆಗಳ ಕಾಲವಾದ್ದರಿಂದ ಹಾಜರಿಯೂ ಇಳಿಯುತ್ತದೆ. ಅನುಭವವುಳ್ಳ ಟೀಚರ್ ಈ ದಿನಗಳಲ್ಲಿ ಹೊಸದೇನನ್ನೂ ತುರುಕದೆ ಪರಿಚಯದ ಹಾಡು, ಪರಿಚಯದ ಆಟಗಳನ್ನೇ ಮತ್ತೆ ಆಡಿಸುತ್ತಾರೆ. ಇದು ಆಲಸ್ಯವಲ್ಲ. ಮುಂದೆ ಬದಲಾವಣೆ ಇದೆ ಎಂದು ಗೊತ್ತಾದ ಮಗುವಿಗೆ ಪರಿಚಯದ ದಿನಚರಿಯೇ ಧೈರ್ಯ.

ನಮ್ಮ ಊರುಗಳಲ್ಲಿ ಪಣಕ್ಕಿರುವುದೇನು

ಗಡಿನಾಡಿನಲ್ಲಿ ಮಾರ್ಚ್-ಏಪ್ರಿಲ್ ಎಂದರೆ ಒಂದನೇ ತರಗತಿಗೆ ಯಾವ ಮಾಧ್ಯಮ ಎಂದು ಮನೆಗಳಲ್ಲಿ ತೀರ್ಮಾನವಾಗುವ ತಿಂಗಳು. ಶಾಲೆ ತೆರೆದ ಮೇಲೆ ಮಾಡುವ ಪ್ರಚಾರದಿಂದ ಹೆಚ್ಚು ಬದಲಾಗುವುದಿಲ್ಲ, ಅಷ್ಟರಲ್ಲಿ ಬೇರೆ ಕಡೆ ಫೀಸು ಕಟ್ಟಿ, ಸಮವಸ್ತ್ರ ಹೊಲಿಸಿ ಆಗಿರುತ್ತದೆ.

ಸಣ್ಣ ಕನ್ನಡ ಶಾಲೆಗೆ ಒಂದೊಂದು ಮಗುವೂ ಲೆಕ್ಕ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ ಹುದ್ದೆಗಳ ನಿರ್ಣಯವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಮಕ್ಕಳು ಕಡಿಮೆಯಾದರೆ ಹುದ್ದೆಗೆ ಕುತ್ತು, ಶಿಕ್ಷಕರು ಕಡಿಮೆಯಾದರೆ ಪೋಷಕರಿಗೆ ಅಪನಂಬಿಕೆ, ಮರುವರ್ಷ ಮಕ್ಕಳು ಇನ್ನೂ ಕಡಿಮೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಏಳನೆಯ ತಿದ್ದುಪಡಿಯಿಂದ ಬಂದ ವಿಧಿ ಅದು. ಆದರೆ ಬೆಂಚಿನ ಮೇಲೆ ಮಕ್ಕಳಿಲ್ಲದಿದ್ದರೆ ವಿಧಿಯನ್ನು ತೋರಿಸಿ ಎಷ್ಟು ಅರ್ಜಿ ಬರೆದರೂ ಫಲ ಕಡಿಮೆ.

ಹಾಗೆಂದು ಇಂಟರ್ನ್ ಹೋಗುವುದು ಪ್ರಚಾರಕ್ಕಲ್ಲ. ಮಗುವಿಗೆ ಕನ್ನಡದಲ್ಲಿ ಏನೇನು ಬರುತ್ತದೆ ಎಂಬುದನ್ನು ಸರಿಯಾಗಿ ನೋಡಿ, ಬರೆದು, ಮನೆಯವರಿಗೂ ಒಂದನೇ ತರಗತಿಯ ಟೀಚರ್‌ಗೂ ತಲುಪಿಸಲು ನೆರವಾಗುವುದೇ ಅವರ ಕೆಲಸ. ನಲವತ್ತು ಮಕ್ಕಳನ್ನು ಸುಧಾರಿಸುತ್ತ, ಊಟ ಬಡಿಸಿ, ರಿಜಿಸ್ಟರ್ ತುಂಬುವ ಟೀಚರ್ ಒಬ್ಬರೇ ಇದನ್ನೂ ಮಾಡುವುದು ಕಷ್ಟ.

ನಾಲ್ಕು ವಾರಗಳ ಕ್ರಮ

ಮೊದಲ ವಾರ: ನೋಡುವುದು. ತರಬೇತಿ ಸಂಸ್ಥೆಯವರು ಪಾಠ ಯೋಜನೆ ಕೇಳುತ್ತಾರೆಂದು ಮೊದಲ ದಿನವೇ ಚಾರ್ಟ್ ಹಿಡಿದು ನಿಲ್ಲಬೇಡಿ. ಮಕ್ಕಳ ಹೆಸರು, ಅವರನ್ನು ಮನೆಯಲ್ಲಿ ಕರೆಯುವ ಹೆಸರು, ಯಾರು ಯಾರ ಜೊತೆ ಕೂರುತ್ತಾರೆ ಎಂಬುದನ್ನು ತಿಳಿಯಿರಿ. ಟೀಚರ್ ಎನ್ನಿಸಿಕೊಳ್ಳುವ ಅವಸರ ಬೇಡ. ಮಕ್ಕಳು ಅಕ್ಕ ಎಂದೋ ಅಣ್ಣ ಎಂದೋ ಕರೆದರೆ ಸಾಕು. ಎಷ್ಟು ದಿನ ಇರುತ್ತೀರಿ ಎಂಬುದನ್ನು ಮೊದಲೇ ಹೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ನೀವು ಹೊರಡುವ ದಿನಕ್ಕೊಂದು ಗುರುತು ಹಾಕಿದರೆ ಮಕ್ಕಳೇ ದಿನ ಎಣಿಸುತ್ತಾರೆ.

ಎರಡನೆಯ ವಾರ: ಸಣ್ಣ ಗುಂಪು. ಐದಾರು ಮಕ್ಕಳನ್ನು ಮಾತ್ರ ಕೂಡಿಸಿಕೊಂಡು ದಿನಕ್ಕೊಂದು ಕಥೆ ಹೇಳಿ. ಮರುದಿನ ಅದೇ ಕಥೆಯನ್ನು ಅವರಿಂದ ಹೇಳಿಸಿ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ನಮ್ಮ ಹಿರಿಯರಿಗೆಲ್ಲ ಬಾಯಿಪಾಠ. ಮನೆಯಲ್ಲಿ ಕೇಳಿ ರಾಗ ಕಲಿತು ಹೋಗಿ. ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಬೇಕಾದ್ದನ್ನು ಮುದ್ರಿಸಿಕೊಳ್ಳಬಹುದು.

ಮೂರನೆಯ ವಾರ: ಪ್ರತಿ ಮಗುವಿನ ಕಡತ. ವರ್ಷವಿಡೀ ಮಾಡಿದ ಚಿತ್ರ, ಅಂಟಿಸಿದ ಎಲೆ, ಗೀಚಿದ ಕಾಗದ ಎಲ್ಲ ಕಪಾಟಿನಲ್ಲಿ ಕಟ್ಟಿಟ್ಟಿರುತ್ತದೆ. ಟೀಚರ್ ಜೊತೆ ಕೂತು ಅದನ್ನು ಮಗುವಾರು ಬೇರೆ ಮಾಡಿ, ತಿಂಗಳ ಕ್ರಮದಲ್ಲಿ ಜೋಡಿಸಿ. ಜುಲೈನ ಗೀಚು ಮತ್ತು ಮಾರ್ಚ್‌ನ ಚಿತ್ರ ಅಕ್ಕಪಕ್ಕ ಬಂದಾಗ ವಿವರಣೆಯೇ ಬೇಡ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುವುದೂ ಇದನ್ನೇ: ಈ ವಯಸ್ಸಿನವರಿಗೆ ಪರೀಕ್ಷೆ ಸಲ್ಲದು, ಮಗುವನ್ನು ಗಮನಿಸಿ ಮತ್ತು ಅದು ಮಾಡಿದ್ದನ್ನು ನೋಡಿ ಅಳೆಯಬೇಕು.

ನಾಲ್ಕನೆಯ ವಾರ: ದಾಟಿಸುವುದು. ಟೀಚರ್ ಮತ್ತು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಮಕ್ಕಳನ್ನು ಒಂದು ಬೆಳಿಗ್ಗೆ ಒಂದನೇ ತರಗತಿಯ ಕೋಣೆಗೆ ಕರೆದೊಯ್ಯಿರಿ. ಬೆಂಚಿನ ಮೇಲೆ ಕೂರಲಿ, ಬೋರ್ಡಿನ ಮೇಲೆ ಒಂದು ಗೆರೆ ಎಳೆಯಲಿ. ನೀರಿನ ನಲ್ಲಿ, ಶೌಚಾಲಯ, ಊಟದ ಜಾಗ ಎಲ್ಲಿವೆ ಎಂದು ತೋರಿಸಿ. ಐದು ವರ್ಷದ ಮಗುವಿನ ಭಯದಲ್ಲಿ ಅರ್ಧ ಪಾಲು ಶೌಚಾಲಯ ಎಲ್ಲಿದೆ, ಹೋಗಬೇಕಾದರೆ ಯಾರನ್ನು ಹೇಗೆ ಕೇಳಬೇಕು ಎಂಬುದರದ್ದೇ. ಅಲ್ಲಿನ ಟೀಚರ್ ಎರಡು ಮಾತು ಆಡಿ ಒಂದು ಹಾಡು ಹಾಡಿಸಿದರೆ ಜೂನ್‌ನ ಅಳು ಎಷ್ಟೋ ಕಡಿಮೆಯಾಗುತ್ತದೆ.

ಮಹಾರಾಷ್ಟ್ರದ ಸದಸ್ಯರಿಗೆ ಒಂದು ಮಾತು. ನಿಮ್ಮ ಕಡೆಯ ಶಾಲೆಗಳಲ್ಲಿ ಏಪ್ರಿಲ್ ಸುಮಾರಿಗೆ 'ಪಹಿಲೆ ಪಾವುಲ್' ಎಂಬ ಹೆಸರಿನಲ್ಲಿ ಶಾಲಾಪೂರ್ವ ತಯಾರಿ ಮೇಳಾವಾ ನಡೆಯುತ್ತದೆ. ಒಂದನೇ ತರಗತಿಗೆ ಬರಲಿರುವ ಮಗು ತಾಯಿಯ ಜೊತೆ ಬಂದು ಒಂದೊಂದು ಟೇಬಲ್‌ನಲ್ಲಿ ಒಂದೊಂದು ಚಟುವಟಿಕೆ ಮಾಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಇಂಟರ್ನ್ ಇದ್ದರೆ ಭಾಷೆಯ ಟೇಬಲ್ ಅವರಿಗೆ ತಕ್ಕ ಜಾಗ.

ಬರೆಯುವ ಬಗೆ

ಕಚೇರಿಯಲ್ಲಿ ಮೂರು ದಶಕ ಕಡತ ಬರೆದವನಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಹಠವಿದೆ. ಇಂಟರ್ನ್‌ಗಳ ನೋಟ್‌ಬುಕ್‌ಗಳಲ್ಲಿ "ತುಂಟ", "ಚುರುಕು", "ಗಮನ ಕಡಿಮೆ" ಎಂಬ ಪದಗಳೇ ಹೆಚ್ಚು. ಇವು ಅಭಿಪ್ರಾಯ, ದಾಖಲೆಯಲ್ಲ. ಓದಿದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ, ಆದರೆ ಮಗುವಿಗೆ ಒಂದು ಹೆಸರು ಅಂಟಿಕೊಳ್ಳುತ್ತದೆ. ಬದಲಿಗೆ ಹೀಗೆ ಬರೆಯಿರಿ:

"ಮಾರ್ಚ್ 6, ಬೆಳಿಗ್ಗೆ 10.40. ಹುಣಸೆ ಬೀಜಗಳನ್ನು ಐದೈದರಂತೆ ಗುಂಪು ಮಾಡಿದ. ನಾಲ್ಕನೆಯ ಗುಂಪಿಗೆ ಒಂದು ಬೀಜ ಸಾಲದಾಯಿತು. ಎಣಿಸಿ ನೋಡಿ, ಪಕ್ಕದವಳನ್ನು ಕೇಳಿ ಒಂದು ಪಡೆದ."

ಈ ನಾಲ್ಕು ಸಾಲಿನಲ್ಲಿ ಮಗುವಿಗೆ ಎಣಿಕೆ ಬರುತ್ತದೆ, ಕೊರತೆ ತಿಳಿಯುತ್ತದೆ, ಕಸಿಯದೆ ಕೇಳುತ್ತದೆ ಎಂಬ ಮೂರು ಸಂಗತಿಗಳಿವೆ. ದಿನಾಂಕ, ಸಮಯ, ಕಂಡದ್ದು, ಕೇಳಿದ್ದು, ಅಷ್ಟೇ ಸಾಕು. ದಿನಕ್ಕೆ ಮೂರು ಮಕ್ಕಳ ಬಗ್ಗೆ ಬರೆದರೂ ನಾಲ್ಕು ವಾರಗಳಲ್ಲಿ ಮೂವತ್ತು ಮಕ್ಕಳ ತರಗತಿಯಲ್ಲಿ ಪ್ರತಿ ಮಗುವಿಗೂ ಎರಡು ದಾಖಲೆ ಸಿಗುತ್ತದೆ.

ಮನೆಮಾತು ಮತ್ತು ಕನ್ನಡ

ನಮ್ಮ ಬಾಲವಾಡಿಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ಕನ್ನಡವನ್ನಷ್ಟೇ ಆಡುವವರು ಕೆಲವರೇ. ಕಾಸರಗೋಡಿನಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಟಿ, ಬ್ಯಾರಿ ಇವೆ. ನೀಲಗಿರಿಯಲ್ಲಿ ಬಡಗ, ಹೊಸೂರಿನಲ್ಲಿ ತೆಲುಗು ಮತ್ತು ತಮಿಳು, ಆದೋನಿಯಲ್ಲಿ ತೆಲುಗು ಮತ್ತು ಉರ್ದು, ಸೊಲ್ಲಾಪುರದಲ್ಲಿ ಮರಾಠಿ, ತೆಲುಗು, ಉರ್ದು. ಬೆಕ್ಕಿನ ಚಿತ್ರ ತೋರಿಸಿದರೆ ತುಳು ಮನೆಯ ಮಗು ಪುಚ್ಚೆ ಎನ್ನುತ್ತದೆ, ಮಲಯಾಳ ಮನೆಯದು ಪೂಚ್ಚ, ತೆಲುಗು ಮನೆಯದು ಪಿಲ್ಲಿ, ಮರಾಠಿ ಮನೆಯದು ಮಾಂಜರ. "ಗೊತ್ತಿಲ್ಲ" ಎಂದು ಬರೆದುಕೊಂಡರೆ ಅದು ತಪ್ಪು ದಾಖಲೆ. ಮಗುವಿಗೆ ಬೆಕ್ಕು ಗೊತ್ತು. ಕನ್ನಡದ ಪದವೊಂದು ಬಾಕಿ ಇದೆ. "ಹೌದು, ಪುಚ್ಚೆ. ಕನ್ನಡದಲ್ಲಿ ಬೆಕ್ಕು" ಎಂದು ಹೇಳಿ ಮುಂದೆ ಹೋಗಿ. ಮನೆಮಾತನ್ನು ತಿದ್ದಿದರೆ ಮಗು ಬಾಯಿ ಮುಚ್ಚುತ್ತದೆ, ಬಾಯಿ ಮುಚ್ಚಿದ ಮಗುವಿಗೆ ಯಾವ ಭಾಷೆಯೂ ಹತ್ತುವುದಿಲ್ಲ.

ಅಕ್ಷರದ ವಿಷಯ. ಒಂದನೇ ತರಗತಿಗೆ ಮೊದಲೇ ಇಡೀ ವರ್ಣಮಾಲೆ ಬರೆಯಬೇಕೆಂದು ಯಾವ ಪಠ್ಯಕ್ರಮವೂ ಕೇಳುವುದಿಲ್ಲ. ಒಂದನೇ ತರಗತಿಯ ಆರಂಭದ ಮೂರು ತಿಂಗಳು ಆಟದ ಮೂಲಕ ಶಾಲೆಗೆ ಸಿದ್ಧಪಡಿಸುವ 'ವಿದ್ಯಾ ಪ್ರವೇಶ' ಎಂಬ ಕಾರ್ಯಕ್ರಮವನ್ನೇ ಎನ್‌ಸಿಇಆರ್‌ಟಿ ರೂಪಿಸಿದೆ. ಕರ್ನಾಟಕದ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಯಿತು. ಅದಕ್ಕೆ ಪ್ರೇರಣೆ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಶಾಲೆಗಳು. ಅದರಲ್ಲಿ ಅ, ಆ, ಇ, ಈ ಎಂಬ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಾದ ಅಕ್ಷರಗಳಿಂದ ಆರಂಭಿಸುತ್ತಾರೆ. ಹತ್ತಾರು ಅಕ್ಷರ ಗುರುತಿಸಿ, ತನ್ನ ಹೆಸರನ್ನು ಕಂಡುಹಿಡಿದು, ಒಂದು ಕಥೆಯನ್ನು ನಾಲ್ಕೈದು ವಾಕ್ಯಗಳಲ್ಲಿ ಹೇಳುವ ಮಗು ಒಂದನೇ ತರಗತಿಗೆ ಸಿದ್ಧ.

ಪೋಷಕರ ಎದುರು

ಕೊನೆಯ ವಾರದ ಪೋಷಕರ ಸಭೆಯಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಎ ಬಿ ಸಿ ಡಿ ಪೂರ್ತಿ ಬರುತ್ತದಾ?" ಉತ್ತರ ಕೊಡುವವರು ಟೀಚರ್, ಇಂಟರ್ನ್ ಅಲ್ಲ. ಕಡತ ತೆರೆದು ತೋರಿಸುವ ಕೆಲಸ ಮಾತ್ರ ನಿಮ್ಮದು. ಸಾಧ್ಯವಾದರೆ ಮಗುವೇ ತನ್ನ ಕಡತವನ್ನು ತಾಯಿಗೆ ತೋರಿಸಿ ಮಾತಾಡಲಿ. ಶಾಲೆಯಲ್ಲಿ ಮಗು ಇಷ್ಟು ಮಾತಾಡುತ್ತದೆ ಎಂಬುದೇ ಕೆಲವು ತಂದೆತಾಯಿಗಳಿಗೆ ಹೊಸ ಸುದ್ದಿಯಾಗಿರುತ್ತದೆ.

ಮಾಧ್ಯಮದ ಬಗ್ಗೆ ಕೇಳಿದರೆ ತಿಳಿದಷ್ಟನ್ನು ಹೇಳಿ: ಹತ್ತಿರದ ಕನ್ನಡ ಶಾಲೆ ಎಲ್ಲಿದೆ, ಎಷ್ಟು ಶಿಕ್ಷಕರಿದ್ದಾರೆ, ರಾಜ್ಯಭಾಷೆ ಮತ್ತು ಇಂಗ್ಲಿಷನ್ನು ಅಲ್ಲಿ ಯಾವ ತರಗತಿಯಿಂದ ಕಲಿಸುತ್ತಾರೆ, ಹೈಸ್ಕೂಲು ಎಲ್ಲಿ. ಈ ಮಾಹಿತಿಯನ್ನು ಮುಖ್ಯೋಪಾಧ್ಯಾಯರಿಂದಲೇ ಬರೆಸಿಕೊಂಡು ಹೋಗಿ. ಬೇರೆ ಶಾಲೆಯನ್ನು ಹಳಿಯಬಾರದು. ಬೇರೆ ಮಾಧ್ಯಮ ಆರಿಸಿದ ಮನೆಯ ಮಗುವಿನ ಕಡತವನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿ ಕೊಡಬೇಕು. ಆ ಮಗು ಕನ್ನಡದ ಹಾಡುಗಳನ್ನು ಜೊತೆಗೆ ಒಯ್ಯುತ್ತದೆ. ಅದರ ತಂಗಿ-ತಮ್ಮ ಇನ್ನೆರಡು ವರ್ಷಕ್ಕೆ ಇದೇ ಬಾಗಿಲಿಗೆ ಬರಬಹುದು.

ಮಾಡಬಾರದ್ದು

ಮಕ್ಕಳ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬಾರದು. ಕಡತಕ್ಕೆ ಬೇಕಾದ ಫೋಟೋವನ್ನು ಶಾಲೆಯ ಅನುಮತಿಯಿಂದ ಶಾಲೆಯ ಫೋನಿನಲ್ಲೇ ತೆಗೆಯಬೇಕು. ಹೊಡೆಯುವುದು, ಗದರುವುದು, ಹೆಸರಿಟ್ಟು ಹಂಗಿಸುವುದು ಯಾವ ಕಾರಣಕ್ಕೂ ಸಲ್ಲದು. ಮಗುವನ್ನು ಶೌಚಕ್ಕೆ ಕರೆದೊಯ್ಯುವ ಕೆಲಸ ಆಯಾ ಅಥವಾ ಸಹಾಯಕಿಯದ್ದು. ಒಂದು ಮಗುವಿನ ವಿಷಯವನ್ನು ಇನ್ನೊಂದು ಮನೆಯಲ್ಲಿ ಆಡಬಾರದು. ವಾರ್ಷಿಕೋತ್ಸವದ ನೃತ್ಯಾಭ್ಯಾಸಕ್ಕೆ ನಿಮ್ಮ ನಾಲ್ಕು ವಾರವನ್ನೂ ಒಪ್ಪಿಸಿಬಿಡಬಾರದು. ಅರ್ಧ ಗಂಟೆ ಸಾಕು. ಏಪ್ರಿಲ್ ಸೆಕೆಯಲ್ಲಿ ಪುಟ್ಟ ಮಕ್ಕಳಿಗೆ ಬಾಡಿಗೆಯ ಕರಿ ಗೌನು, ಟೋಪಿ ತೊಡಿಸಿ ಪದವಿ ಪ್ರದಾನ ಮಾಡುವ ಪದ್ಧತಿ ಈಗೀಗ ಶುರುವಾಗಿದೆ. ಅದರ ಬಾಡಿಗೆ ದುಡ್ಡಿಗೆ ಹತ್ತು ಕಥೆ ಪುಸ್ತಕ ಬರುತ್ತದೆ ಎಂದು ಯಾರಾದರೂ ಹಿರಿಯರು ಹೇಳಿದರೆ ಒಳ್ಳೆಯದು. ಇಂಟರ್ನ್ ಹೇಳುವುದು ಬೇಡ.

ಕಾಗದಪತ್ರ

ಸರಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿದ ತರಗತಿಯಾದರೆ ಮುಖ್ಯೋಪಾಧ್ಯಾಯರ, ಅಂಗನವಾಡಿಯಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ, ಖಾಸಗಿ ಬಾಲವಾಡಿಯಾದರೆ ಆಡಳಿತ ಮಂಡಳಿಯ ಲಿಖಿತ ಅನುಮತಿ ಬೇಕು. ಬಾಯಿಮಾತಿನ ಒಪ್ಪಿಗೆಯ ಮೇಲೆ ಹೋಗಬೇಡಿ. ನಿಮ್ಮ ಸಂಸ್ಥೆಯ ಪತ್ರ, ಗುರುತಿನ ಚೀಟಿಯ ಪ್ರತಿ, ಎರಡು ಫೋಟೋ ಜೊತೆಗಿರಲಿ. ಕೆಲವು ಕಡೆ ಪೊಲೀಸ್ ಪರಿಶೀಲನೆಯ ಪತ್ರ ಕೇಳುತ್ತಾರೆ, ಅದಕ್ಕೆ ಸಮಯ ಹಿಡಿಯುವುದರಿಂದ ಜನವರಿಯಲ್ಲೇ ಅರ್ಜಿ ಹಾಕಿ. ಕೇರಳದಲ್ಲಿ ಮಾರ್ಚ್ ಕೊನೆಗೆ ಶಾಲೆ ಮುಚ್ಚುತ್ತದೆ. ಮಿಕ್ಕ ರಾಜ್ಯಗಳಲ್ಲಿ ಸಾಮಾನ್ಯವಾಗಿ ಏಪ್ರಿಲ್‌ವರೆಗೆ ನಡೆಯುತ್ತದೆ. ಆಯಾ ವರ್ಷದ ಆದೇಶ ನೋಡಿ ದಿನ ಲೆಕ್ಕ ಹಾಕಬೇಕು. ಪ್ರತಿದಿನ ಹಾಜರಿ ಸಹಿ ಮಾಡಿ. ಮುಗಿದ ದಿನವೇ ಆರಂಭ ಮತ್ತು ಮುಕ್ತಾಯದ ದಿನಾಂಕ, ಒಟ್ಟು ಗಂಟೆ ನಮೂದಿಸಿದ ಪ್ರಮಾಣಪತ್ರವನ್ನು ಮೊಹರಿನ ಸಮೇತ ಪಡೆಯಿರಿ. ರಜೆ ಬಿದ್ದ ಮೇಲೆ ಸಹಿಗಾಗಿ ಅಲೆಯುವುದು ಕಷ್ಟ.

ಸದಸ್ಯರು ಮಾಡಬಹುದಾದದ್ದು

ಇಂಟರ್ನ್‌ಗೆ ಹೋಗುವವರು ಹೆಚ್ಚಾಗಿ ದೂರದ ಊರಿನ ಮಕ್ಕಳು. ಬಾಲವಾಡಿಯ ಹತ್ತಿರ ಮನೆಯಿರುವ ಸದಸ್ಯರು ನಾಲ್ಕು ವಾರ ಒಂದು ಕೋಣೆ, ಮಧ್ಯಾಹ್ನದ ಊಟ ಒದಗಿಸಿದರೆ ದೊಡ್ಡ ಉಪಕಾರ. ಹಳೆಯ ಶಿಶುಗೀತೆ, ಅಜ್ಜಿಕಥೆ ಬಲ್ಲ ಹಿರಿಯರು ಟೀಚರ್ ಒಪ್ಪಿದರೆ ಒಂದು ಬೆಳಿಗ್ಗೆ ಬಂದು ಹೇಳಬಹುದು. ಕನ್ನಡ ಶಾಲೆಯಲ್ಲಿ ಓದಿ ಈಗ ಉದ್ಯೋಗದಲ್ಲಿರುವ ಯುವಕ ಯುವತಿಯರು ಪೋಷಕರ ಸಭೆಗೆ ಬಂದು ಕೂತರೆ, ಅವರು ಏನೂ ಭಾಷಣ ಮಾಡದಿದ್ದರೂ ಪರಿಣಾಮವಾಗುತ್ತದೆ.

ಈ ಸಾಲಿನಲ್ಲಿ ಇಂಟರ್ನ್ ಆಗಲು ಬಯಸುವವರು, ಇಂಟರ್ನ್ ಬೇಕಾಗಿರುವ ಬಾಲವಾಡಿಯವರು ತಮ್ಮ ಊರಿನ ಪ್ರತಿನಿಧಿಗಳ ಬಳಿ ಹೆಸರು ಬರೆಸಬೇಕು. ಪಟ್ಟಿಯನ್ನು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಇಟ್ಟು, ಯಾರನ್ನು ಎಲ್ಲಿಗೆ ಕಳುಹಿಸುವುದೆಂದು ನಿರ್ಧರಿಸಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ